ಮಳೆಗಾಲದಲ್ಲಿ ಹೇಂಟೆಯ ಕಣ್ಣು ಊದಿ ಮುಚ್ಚಿದೆ, ಏನು ಮಾಡೋದು?

ಅಂಗಳದ ಕೋಳಿ, ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ನಾಟಿ ಕೋಳಿ, ಜೊತೆಗೆ ಒಂದಿಷ್ಟು ಗಿರಿರಾಜ ಇವೆ. ಒಂದು ನಾಟಿ ಹೇಂಟೆಯ ಎಡಗಣ್ಣು ಪೂರ್ತಿ ಮುಚ್ಚಿಕೊಂಡಿದೆ. ಕಣ್ಣಿನ ಕೆಳಗೆ, ಕೊಕ್ಕಿನ ಕಡೆಗೆ ದುಂಡಗೆ ಊದಿದೆ. ಮುಟ್ಟಿದರೆ ಗಟ್ಟಿ. ಮೂಲೆಯಲ್ಲಿ ತೂಕಡಿಸುತ್ತಾ ಕೂತಿರುತ್ತದೆ, ತಿನ್ನುವುದು ಕಮ್ಮಿ. ಬೇರೆ ಕೋಳಿಗಳಲ್ಲೂ ಕೆಲವಕ್ಕೆ ಕಣ್ಣಲ್ಲಿ ನೀರು ಬರುತ್ತಿದೆ, ಆದರೆ ಊತ ಇಲ್ಲ.

ಆರಿದ್ರ ಮಳೆ ಹಿಡಿದ ಮೇಲೆ ಹೊರಗೆ ಬಿಟ್ಟಿದ್ದೇ ಅಪರೂಪ. ಗೂಡಿನಲ್ಲಿ ಭತ್ತದ ಉಮಿ ಹಾಸಿದ್ದೇವೆ. ಮೇವು ಅಂದರೆ ನುಚ್ಚಕ್ಕಿ, ತವುಡು, ಉಳಿದ ಅನ್ನ. ಈಚೆಗೆ ಸಂತೆಯಿಂದ ಒಂದು ಹುಂಜ ತಂದೆವು, ಅದೂ ಇವುಗಳ ಜೊತೆಗೇ ಇದೆ.

ಮೆಡಿಕಲ್ ಶಾಪಿನಲ್ಲಿ ಕಣ್ಣಿನ ಡ್ರಾಪ್ಸ್ ಕೊಟ್ಟಿದ್ದಾರೆ, ಮನುಷ್ಯರದ್ದು. ಅತ್ತೆ ತುಂಬೆ ಹೂವಿನ ರಸ ಬಿಡು ಅನ್ನುತ್ತಾರೆ. ಎರಡನ್ನೂ ಇನ್ನೂ ಬಿಟ್ಟಿಲ್ಲ. ಯಾವುದು ಸರಿ?

ಸೊರಬದವನು

ಸಿಡುಬು ಅದು. ಬೇವಿನ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿ, ತಾನಾಗಿ ಹೋಗುತ್ತದೆ.

ತೋಟದ ದಾರಿ, ತೀರ್ಥಹಳ್ಳಿ

ಸಿಡುಬು ಅಂತ ನೋಡದೇ ಹೇಗೆ ಹೇಳ್ತೀರಿ? ಸಿಡುಬಾದರೆ ಜುಟ್ಟಿನ ಮೇಲೆ, ಕೊಕ್ಕಿನ ಬುಡದಲ್ಲಿ, ರೆಪ್ಪೆಯ ಅಂಚಿನಲ್ಲಿ ಕಪ್ಪು ಹಕ್ಕಳೆ ಇರಬೇಕು.

ಹೊಸನಗರದವರೇ, ಮದ್ದು ಯಾವುದು ಅಂತ ಕೇಳುವ ಮೊದಲು ಇಷ್ಟು ನೋಡಿ ಹೇಳಿ. ಒಂದೇ ಕಣ್ಣೋ, ಎರಡೂ ಕಣ್ಣೋ? ಕಣ್ಣಿನ ಮೂಲೆಯಲ್ಲಿ ನೊರೆ ಇದೆಯಾ? ಮೂಗಿನ ತೂತಿಗೆ ಮೇವಿನ ಪುಡಿ ಅಂಟಿಕೊಂಡಿದೆಯಾ? ಮುಖದ ಹತ್ತಿರ ಮೂಗು ಒಡ್ಡಿದರೆ ವಾಸನೆ ಬರುತ್ತದಾ? ಬಾಯಿ ಬಿಡಿಸಿ ನೋಡಿ, ಒಳಗೆ ಹಳದಿ ಪೊರೆ ಕಟ್ಟಿದೆಯಾ? ಸೀನುವ ಕೋಳಿ ಬೇರೆ ಇವೆಯಾ? ಹುಂಜವನ್ನೂ ಹಿಡಿದು ನೋಡಿ. ಸಂತೆ ಕೋಳಿ ಬಂದ ಮೇಲೆ ಸೀಕು ಶುರುವಾಯಿತು ಅನ್ನುವ ಮಾತು ಪ್ರತಿ ಮಳೆಗಾಲ ಕೇಳುತ್ತೇನೆ.

ಕೆಳದಿ ರಸ್ತೆ, ಸಾಗರ

ಹೊಗೆಸೊಪ್ಪು ನೆನೆಸಿದ ನೀರು ಒಂದು ಹನಿ ಬಿಟ್ಟರೆ ಸಾಕು. ನಮ್ಮ ಅಜ್ಜನ ಕಾಲದಿಂದ ಇದೇ ಮಾಡೋದು.

ಅಂಗಳದ ಕೋಳಿ, ಹೊಸನಗರ

ಅಕ್ಕಾ, ನೋಡಿದೆ. ಊದಿರುವುದು ಒಂದೇ ಕಣ್ಣು. ಹಕ್ಕಳೆ ಎಲ್ಲೂ ಇಲ್ಲ, ಬಾಯಿ ಒಳಗೆ ಸರಿಯಾಗಿದೆ. ಮೂಗಿಗೆ ತವುಡು ಅಂಟಿಕೊಂಡಿದೆ. ವಾಸನೆ ಇದೆ, ಕೊಳೆತ ವಾಸನೆ, ಹತ್ತಿರ ಹೋದರೆ ಗೊತ್ತಾಗುತ್ತದೆ. ಹುಂಜ ನೋಡಲು ಗಟ್ಟಿಯಾಗೇ ಇದೆ, ಆದರೆ ಆಗಾಗ ಸೀನುತ್ತದೆ.

ಉಳಿದ ಕೋಳಿಗಳದ್ದು ಬೇರೆ ಥರ. ಎರಡೂ ಕಣ್ಣಲ್ಲಿ ನೀರು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಕಣ್ಣು ಕಿರಿದು ಮಾಡಿಕೊಂಡು, ರೆಕ್ಕೆಗೆ ಮುಖ ಒರೆಸಿಕೊಳ್ಳುತ್ತವೆ. ಮಧ್ಯಾಹ್ನಕ್ಕೆ ಸ್ವಲ್ಪ ವಾಸಿ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಚೆನ್ನಾಗಿ ನೋಡಿದ್ದೀರಿ. ನಿಮ್ಮಲ್ಲಿ ಎರಡು ತೊಂದರೆ ಒಟ್ಟಿಗೆ ಇರುವ ಹಾಗೆ ಕಾಣುತ್ತದೆ. ಮೊದಲು ಊದಿರುವ ಹೇಂಟೆಯ ವಿಷಯ ಹೇಳುತ್ತೇನೆ.

ಊದಿರುವುದು ಕಣ್ಣಲ್ಲ. ಕೋಳಿಗೆ ಕಣ್ಣಿನ ಮುಂದೆ, ಕೆಳಗೆ ಒಂದು ಟೊಳ್ಳು ಇದೆ, ಸೈನಸ್. ಅದು ಮೂಗಿಗೆ ಸೇರಿಕೊಂಡಿದೆ. ಹೊರಗಿನ ಕಡೆ ಮೂಳೆ ಇಲ್ಲ, ಬರೀ ಚರ್ಮ. ಹಾಗಾಗಿ ಮೂಗಿನ ಸೋಂಕು ಅಲ್ಲಿ ತುಂಬಿಕೊಂಡರೆ ಕೆನ್ನೆ ಉಬ್ಬಿ ಕಣ್ಣು ಮುಚ್ಚುತ್ತದೆ. ಇನ್ನೊಂದು ವಿಷಯ, ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ. ಕೀವನ್ನು ಕರಗಿಸುವ ಕಿಣ್ವ ಕೋಳಿಯ ಬಿಳಿ ರಕ್ತಕಣದಲ್ಲಿ ಕಮ್ಮಿ. ಅದಕ್ಕೇ ಕೀವು ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ನಿಮ್ಮ ಕೈಗೆ ಗಟ್ಟಿ ಸಿಕ್ಕಿದ್ದು ಅದೇ ಇರಬೇಕು. ಒಳಗೆ ಅದು ಇರುವ ತನಕ ಮೇಲೆ ಎಷ್ಟು ಡ್ರಾಪ್ಸ್ ಬಿಟ್ಟರೂ ಸುಮ್ನೆ ಖರ್ಚು.

ಮುಖ ಊದುವುದು, ಮೂಗು ಸೋರುವುದು, ಕೆಟ್ಟ ವಾಸನೆ, ಹೊಸ ಕೋಳಿ ಬಂದ ಮೇಲೆ ಶುರು. ಇಷ್ಟು ಸೇರಿದರೆ ಮೊದಲು ನೆನಪಾಗುವುದು ಕೊರೈಜಾ, ಅಂದರೆ ಕೋಳಿಯ ಸಾಂಕ್ರಾಮಿಕ ನೆಗಡಿ. ಬ್ಯಾಕ್ಟೀರಿಯಾದಿಂದ ಬರುತ್ತದೆ. ತಗುಲಿದ ಒಂದರಿಂದ ಮೂರು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. ನೊರೆ ನೊರೆ ಕಣ್ಣು, ಗೊರಗೊರ ಉಸಿರು, ವಾಸನೆ ಇಲ್ಲ ಅಂದರೆ ಮೈಕೋಪ್ಲಾಸ್ಮಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಕಡೆ ಯೋಚಿಸಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಮಾತಿನಲ್ಲೇ ಇದು ಇಂಥದ್ದೇ ಅಂತ ಮುದ್ರೆ ಒತ್ತಲು ಆಗುವುದಿಲ್ಲ. ಕೋಳಿಯನ್ನು ಆಸ್ಪತ್ರೆಗೆ ತೋರಿಸಿ.

ಈಗಲೇ ಮಾಡಬೇಕಾದದ್ದು: ಆ ಹೇಂಟೆಯನ್ನೂ ಹುಂಜವನ್ನೂ ಬೇರೆ ಮಾಡಿ. ನೀರಿನ ಪಾತ್ರೆ ಬೇರೆ ಇಡಿ, ಯಾಕೆಂದರೆ ಹರಡುವುದು ಮುಖ್ಯವಾಗಿ ಕುಡಿಯುವ ನೀರಿನಿಂದ, ಮೂಗಿನ ಸಿಂಬಳದಿಂದ. ಗಟ್ಟಿ ಇರುವ ಕೋಳಿಗಳ ಕೆಲಸ ಮೊದಲು ಮುಗಿಸಿ, ಕಾಯಿಲೆಯವುಗಳ ಹತ್ತಿರ ಕೊನೆಗೆ ಹೋಗಿ.

ಅಂಗಳದ ಕೋಳಿ, ಹೊಸನಗರ

ಸರ್, ತುಂಬಾ ಧನ್ಯವಾದ. ಮಳೆ ನೋಡಿದರೆ ಇವತ್ತು ಪೇಟೆಗೆ ಹೋಗುವ ಹಾಗಿಲ್ಲ. ಅಲ್ಲಿವರೆಗೆ ಕಣ್ಣು ತೊಳೆಯಬಹುದಾ? ಹೇಗೆ?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ತೊಳೆಯಬಹುದು, ತೊಳೆಯಲೇಬೇಕು. ಕುದಿಸಿ ಆರಿಸಿದ ನೀರಿಗೆ ಪುಡಿ ಉಪ್ಪು. ಲೀಟರಿಗೆ 9 ಗ್ರಾಂ, ಅಂದರೆ ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚ. ಜಾಸ್ತಿ ಉಪ್ಪು ಹಾಕಿದರೆ ಜಾಸ್ತಿ ಗುಣ ಅಂತ ಇಲ್ಲ, ಉರಿಯುತ್ತದೆ ಅಷ್ಟೇ. ಮೆಡಿಕಲ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿ ಆದರೆ ಇನ್ನೂ ಒಳ್ಳೆಯದು. ಉಗುರು ಬೆಚ್ಚಗೆ ಇರಲಿ.

ಕೋಳಿಯನ್ನು ಹಳೆ ಪಂಚೆಯಲ್ಲಿ ರೆಕ್ಕೆ ಸೇರಿಸಿ ಸುತ್ತಿ, ತಲೆ ಮಾತ್ರ ಹೊರಗೆ. ಎದೆ ಬಿಗಿಯಬಾರದು. ಕೋಳಿಗೆ ನಮ್ಮ ಹಾಗೆ ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಏಳುತ್ತಾ ಇಳಿಯುತ್ತಾ ಇದ್ದರೆ ಮಾತ್ರ ಅದಕ್ಕೆ ಉಸಿರು. ಹತ್ತಿಯನ್ನು ಉಪ್ಪು ನೀರಿನಲ್ಲಿ ಅದ್ದಿ ಮುಚ್ಚಿದ ರೆಪ್ಪೆ ಮೇಲೆ ಹಾಗೇ ಇಟ್ಟುಕೊಂಡಿರಿ. ಅಂಟಿದ್ದು ನೆನೆಯಬೇಕು. ಒಣಗಿದ್ದನ್ನು ಕೀಳಬೇಡಿ. ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಒರೆಸಿ. ರೆಪ್ಪೆ ಬಿಡಿಸಿದರೆ, ಸೂಜಿ ಇಲ್ಲದ ಸಿರಿಂಜಿನಲ್ಲಿ ಮೆಲ್ಲಗೆ ನೀರು ಹಾಯಿಸಿ. ಕಣ್ಣಿನ ಮೂಲೆಯಿಂದ ತೆಳು ಪೊರೆಯೊಂದು ಅಡ್ಡ ಬಂದು ಹೋಗುತ್ತದೆ, ಅದು ಮೂರನೆಯ ರೆಪ್ಪೆ. ಹೂವು ಬಿದ್ದಿದೆ ಅಂತ ಕೆಲವರು ಅದನ್ನೇ ಕೆರೆಯಲು ಹೋಗುತ್ತಾರೆ!

ರೆಪ್ಪೆಯ ಒಳಗೆ ಹಳದಿ ಗಡ್ಡೆ ಸಡಿಲವಾಗಿ ಕಂಡರೆ ಒದ್ದೆ ಹತ್ತಿಕಡ್ಡಿಯಿಂದ ಜಾರಿಸಿ ತೆಗೆಯಬಹುದು. ಬಾರದಿದ್ದರೆ ಬಿಡಿ. ಕೆನ್ನೆಯ ಊತವನ್ನು ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ. ಅದು ವೈದ್ಯರ ಕೆಲಸ, ಅಲ್ಲಿ ರಕ್ತನಾಳ ಇವೆ.

ಮೆಡಿಕಲ್‌ನವರು ಕೊಟ್ಟ ಡ್ರಾಪ್ಸ್ ಹೆಸರು ಏನು? ಡಬ್ಬಿಯ ಮೇಲೆ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಅಂತ ಇದ್ದರೆ ಬಿಡಬೇಡಿ. ಅವು ಸ್ಟೀರಾಯ್ಡ್. ಕಣ್ಣಿನ ಗುಡ್ಡೆ ಮೇಲೆ ಗಾಯ ಇದ್ದರೆ ಅದು ಮಾಯುವುದಿಲ್ಲ, ಆಳಕ್ಕೆ ಇಳಿದು ಕಣ್ಣೇ ಹೋಗಬಹುದು. ಕ್ಲೋರಾಂಫೆನಿಕಾಲ್ ಅಂತ ಇದ್ದರೂ ಬೇಡ. ಮೊಟ್ಟೆ ಮಾಂಸಕ್ಕೆ ಸಾಕುವ ಪ್ರಾಣಿಗೆ ಅದನ್ನು ಬಳಸುವ ಹಾಗಿಲ್ಲ.

ಅಂಗಳದ ಕೋಳಿ, ಹೊಸನಗರ

ಡೆಕ್ಸಾಮೆಥಾಸೋನ್ ಅಂತಲೇ ಇದೆ ಸರ್. ಪಕ್ಕಕ್ಕಿಟ್ಟೆ. ತುಂಬೆ ರಸ?

ತೋಟದ ದಾರಿ, ತೀರ್ಥಹಳ್ಳಿ

ತುಂಬೆ, ನಂದಿಬಟ್ಟಲು ಎರಡೂ ನಮ್ಮ ಕಡೆ ಕಣ್ಣಿಗೆ ಬಿಡುತ್ತಾರೆ. ಆದರೆ ಹಿತ್ತಿಲಲ್ಲಿ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹಾಗೇ ಹಿಂಡಿದರೆ ಅದರ ಜೊತೆ ಏನೇನು ಹೋಗುತ್ತದೋ. ಗಾಯ ಇರುವ ಕಣ್ಣಿಗೆ ನಾನಂತೂ ಬಿಡುವುದಿಲ್ಲ. ಅತ್ತೆಗೆ ಉಪ್ಪುನೀರು ಅಂದರೆ ಬೇಜಾರೇನೂ ಆಗಲಿಕ್ಕಿಲ್ಲ, ಅಲ್ವಾ?

ಸಾಗರದವರು ಹೇಳಿದ ಹೊಗೆಸೊಪ್ಪು ನೀರು ಮಾತ್ರ ಯಾರೂ ಮಾಡಬೇಡಿ. ನಿಕೋಟಿನ್ ವಿಷ ಅದು. ಸೀಮೆಎಣ್ಣೆ, ಸುಣ್ಣದ ತಿಳಿ ಇವೂ ಅಷ್ಟೇ. ಕೋಳಿ ಕಣ್ಣು ಬಿಟ್ಟಿತು ಅಂದರೆ ಉರಿಗೆ ಬಿಟ್ಟಿರುತ್ತದೆ.

ಕೆಳದಿ ರಸ್ತೆ, ಸಾಗರ

ಅಜ್ಜನ ಕಾಲದಲ್ಲಿ ಕೋಳಿ ಸಾಯುತ್ತಿರಲಿಲ್ಲವಲ್ಲ ಮಾರಾಯ್ರೇ.

ತೋಟದ ದಾರಿ, ತೀರ್ಥಹಳ್ಳಿ

ಸಾಯುತ್ತಿದ್ದವು ಅಣ್ಣಾ. ಸೀಕು ಬಂತು ಅಂತ ಇಡೀ ಕೇರಿಯ ಕೋಳಿ ಒಂದೇ ವಾರದಲ್ಲಿ ಖಾಲಿ ಆಗುತ್ತಿದ್ದುದನ್ನು ನಿಮ್ಮ ಮನೆಯಲ್ಲೇ ಹಿರಿಯರನ್ನು ಕೇಳಿ.

ಮಳೆಗೂಡು, ಆಗುಂಬೆ

ಉಳಿದ ಕೋಳಿಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಎರಡೂ ಕಣ್ಣು, ಸುಮಾರು ಕೋಳಿಗೆ ಒಟ್ಟಿಗೆ, ಬೆಳಿಗ್ಗೆ ಜಾಸ್ತಿ, ಗಾಳಿ ಆಡಿದ ಮೇಲೆ ಕಮ್ಮಿ. ಇದು ಗೂಡಿನ ಗಾಳಿ. ಹಿಕ್ಕೆ ಒದ್ದೆಯಾದರೆ ಅಮೋನಿಯಾ ಏಳುತ್ತದೆ. ನೀವು ನಿಂತು ಮೂಸಿದರೆ ಗೊತ್ತಾಗದು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆ ಇರುವ ಎತ್ತರದಲ್ಲಿ ಉಸಿರು ಎಳೆದು ನೋಡಿ. ನಿಮ್ಮ ಕಣ್ಣು ಚುರುಗುಟ್ಟಿದರೆ ರಾತ್ರಿಯಿಡೀ ಅಲ್ಲೇ ಇದ್ದ ಕೋಳಿಯ ಪಾಡು ಏನು? ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ದಾಟಬಾರದು ಅಂತ ಕೋಳಿ ಸಾಕಣೆಯಲ್ಲಿ ಲೆಕ್ಕ. ಅದು ಜಾಸ್ತಿಯಾದರೆ ಕಣ್ಣಿನ ಗುಡ್ಡೆ ಮಬ್ಬಾಗುತ್ತದೆ, ಉಸಿರಿನ ಕಾಯಿಲೆಗಳಿಗೂ ದಾರಿ ಬಿಟ್ಟ ಹಾಗೆ.

ನಮ್ಮೂರಿನ ಮಳೆಗೆ ಉಮಿ ಒಂದೇ ಹಾಸಿದರೆ ತಡೆಯುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಅಡಿ ಹೆಂಟೆ ಕಟ್ಟಿರುತ್ತದೆ. ನಾನು ಬೇಸಿಗೆಯಲ್ಲೇ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಚೀಲದಲ್ಲಿ ತುಂಬಿಟ್ಟಿರುತ್ತೇನೆ. ಒದ್ದೆ ಭಾಗ ಪೂರ್ತಿ ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಣ ದರಗು ಹಾಸುತ್ತೇನೆ. ನೀರಿನ ಪಾತ್ರೆಯನ್ನು ಇಟ್ಟಿಗೆ ಮೇಲೆ ಇಡಿ, ಚೆಲ್ಲುವುದು ಕಮ್ಮಿ ಆಗುತ್ತದೆ.

ಸೊರಬದವನು

ಒದ್ದೆಗೆ ಸುಣ್ಣದ ಪುಡಿ ಹಾಕಿದರೆ ಆಯಿತಪ್ಪ. ವಾಸನೆಯೂ ಹೋಗುತ್ತದೆ, ಹುಳವೂ ಸಾಯುತ್ತದೆ.

ಮಳೆಗೂಡು, ಆಗುಂಬೆ

ಅದೇ ತಪ್ಪು. ಒದ್ದೆ ಹಿಕ್ಕೆ ಮೇಲೆ ಸುಣ್ಣ ಬಿದ್ದರೆ ಕ್ಷಾರ ಏರಿ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಜೊತೆಗೆ ಸುಣ್ಣದ ದೂಳು ಕಣ್ಣಿಗೆ ಹೋಗುತ್ತದೆ. ಹಾಕುವುದಾದರೆ ಗೂಡು ಪೂರ್ತಿ ಖಾಲಿ ಮಾಡಿ, ಕೆರೆದು ತೊಳೆದು, ಸುಣ್ಣ ಬಳಿದು, ಒಣಗಿಸಿ ಆಮೇಲೆ ಕೋಳಿ ಬಿಡಬೇಕು. ಜರಡಿ ಹಿಡಿಯದ ಒಲೆ ಬೂದಿಯೂ ಮುಚ್ಚಿದ ಗೂಡಿನಲ್ಲಿ ಒಳ್ಳೆಯದಲ್ಲ.

ಅಂಗಳದ ಕೋಳಿ, ಹೊಸನಗರ

ಈಗ ಹೋಗಿ ಕೂತು ನೋಡಿ ಬಂದೆ. ಕಣ್ಣಲ್ಲಿ ನೀರು ಬಂತು. ಆದರೆ ಕಿಟಕಿ ತೆಗೆದಿಟ್ಟರೆ ಎರಚಲು ಒಳಗೇ ಹೊಡೆಯುತ್ತದೆ. ಮುಚ್ಚದೇ ಏನು ಮಾಡೋದು?

ಮಳೆಗೂಡು, ಆಗುಂಬೆ

ಕೆಳಗೆ ಮುಚ್ಚಿ, ಮೇಲೆ ಬಿಡಿ. ಕೋಳಿ ಕೂರುವ ಕೋಲಿಗಿಂತ ಮೇಲೆ, ಮಾಡಿನ ಕೆಳಗೆ, ಒಂದು ಗೇಣು ಜಾಗ ಎರಡೂ ಬದಿಯಲ್ಲಿ ಜಾಲರಿ ಹೊಡೆದು ತೆರೆದಿಡಿ. ಮಳೆ ಹೊಡೆಯುವ ಪಶ್ಚಿಮದ ಕಡೆ ಅಡಿಕೆ ಸೋಗೆ ಇಳಿಬಿಟ್ಟರೆ ಎರಚಲು ನಿಲ್ಲುತ್ತದೆ, ಬಿಸಿಗಾಳಿ ಮೇಲಿನಿಂದ ಹೋಗುತ್ತದೆ. ನೀಲಿ ಟಾರ್ಪಾಲಿನಲ್ಲಿ ಗೂಡನ್ನು ಸುತ್ತಿ ಕಟ್ಟುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕಾಳಗತ್ತಲೆ, ಉಸಿರಾಡಲು ಗಾಳಿ ಇಲ್ಲ.

ಕಾಫಿ ಗಿಡ, ಕೊಪ್ಪ

ಮೇವಿನ ಕಡೆಯೂ ನೋಡಿ. ನುಚ್ಚಕ್ಕಿ, ತವುಡು, ಅನ್ನ ಅಂದಿರಿ. ಎಲ್ಲವೂ ಭತ್ತವೇ! ಇದರಲ್ಲಿ ಎ ವಿಟಮಿನ್ ಇಲ್ಲ. ಬೇಸಿಗೆಯಲ್ಲಿ ಕೋಳಿ ಹೊರಗೆ ಸೊಪ್ಪು, ಹುಲ್ಲು ಕುಕ್ಕಿ ಸರಿ ಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಗೂಡಿನಲ್ಲಿ ಕೂಡಿಹಾಕಿದರೆ ಅದೂ ಇಲ್ಲ. ಎ ವಿಟಮಿನ್ ಕಮ್ಮಿಯಾದರೆ ಕಣ್ಣಿನ ಒಳಪದರ ಒಣಗಿ ಗಡುಸಾಗುತ್ತದೆ, ಬಿಳಿ ಗಡ್ಡೆ ಕೂರುತ್ತದೆ, ಬಾಯಿ ಗಂಟಲಲ್ಲಿ ಬಿಳಿ ಬೊಕ್ಕೆ ಕಾಣುತ್ತವೆ. ಸೋಂಕಿಗೂ ಬೇಗ ತುತ್ತಾಗುತ್ತವೆ.

ನುಗ್ಗೆ ಸೊಪ್ಪನ್ನು ಕೊಂಬೆ ಸಮೇತ ಗೂಡಿನಲ್ಲಿ ನೇತು ಹಾಕಿ, ಜಿಗಿದು ತಿನ್ನುತ್ತವೆ. ಹಳದಿ ಮೆಕ್ಕೆಜೋಳದ ನುಚ್ಚು, ಹಣ್ಣಾದ ಪಪ್ಪಾಯಿ, ಸಿಹಿಕುಂಬಳ ಯಾವುದಾದರೂ ಸರಿ. ಬಿಳಿ ಜೋಳ ಹಾಕಿ ಪ್ರಯೋಜನ ಇಲ್ಲ. ವಿಟಮಿನ್ ಟಾನಿಕ್ ಅಂತ ಕಂಡಾಪಟ್ಟೆ ಸುರಿಯುವುದೂ ಬೇಡ, ಎ ವಿಟಮಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ, ಅತಿಯಾದರೆ ವಿಷ.

ಅಂದ ಹಾಗೆ, ಈಗ ಅಡಿಕೆಗೆ ಔಷಧ ಹೊಡೆಯುವ ಕಾಲ. ಬೋರ್ಡೋ ಹೊಡೆಯುವ ದಿನ ಕೋಳಿಗಳನ್ನು ತೋಟಕ್ಕೆ ಬಿಡಬೇಡಿ. ಅದರಲ್ಲಿರುವ ಮೈಲುತುತ್ತ, ಸುಣ್ಣ ಎರಡೂ ಕಣ್ಣಿಗೆ ಉರಿ. ಹನಿ ಬಿದ್ದದ್ದು ಕಂಡರೆ ತಕ್ಷಣ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಗದ್ದೆ ಬದು, ರಿಪ್ಪನ್‌ಪೇಟೆ

ನಮ್ಮ ಕೋಳಿ ಕಣ್ಣನ್ನು ಕಾಲಿನಿಂದ ಕೆರೆದುಕೊಳ್ಳುತ್ತಿತ್ತು. ಡಾಕ್ಟ್ರು ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟು, ಮೂರನೆಯ ರೆಪ್ಪೆ ಎತ್ತಿ, ದಾರದಂಥ ಬಿಳಿ ಹುಳು ಎಳೆದು ತೆಗೆದರು. ನಂಬುತ್ತೀರಾ?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ನಂಬಲೇಬೇಕು. ಕೋಳಿಯ ಕಣ್ಣುಹುಳು ಅದು. ಒಂದರಿಂದ ಎರಡು ಸೆಂಟಿಮೀಟರ್ ಉದ್ದ. ಗೊಬ್ಬರ, ಮಣ್ಣಿನಲ್ಲಿ ಇರುವ ಒಂದು ಜಾತಿಯ ಜಿರಲೆಯ ಹೊಟ್ಟೆಯಲ್ಲಿ ಮರಿಹುಳು ಬೆಳೆಯುತ್ತದೆ. ಕೋಳಿ ಜಿರಲೆ ತಿಂದರೆ ಮರಿಹುಳು ಗಂಟಲಿನಿಂದ ಕಣ್ಣೀರಿನ ಕೊಳವೆ ಹಿಡಿದು ಕಣ್ಣಿಗೆ ಹತ್ತುತ್ತದೆ. ಗೊಬ್ಬರದ ಗುಂಡಿ ಗೂಡಿಗೆ ಅಂಟಿಕೊಂಡಿದ್ದರೆ ದೂರ ಮಾಡಿ.

ಸಿಡುಬಿನ ಬಗ್ಗೆಯೂ ಹೇಳಿಬಿಡುತ್ತೇನೆ, ಮಳೆ ಹಿಂದಾದ ಮೇಲೆ ಸೊಳ್ಳೆ ಎದ್ದಾಗ ಅದರ ಸರದಿ. ವೈರಸ್‌ಗೆ ಮದ್ದಿಲ್ಲ. ಹಕ್ಕಳೆ ಕೀಳಬಾರದು, ಉದುರಿದ ಹಕ್ಕಳೆಯಲ್ಲಿ ವೈರಸ್ ಬಹಳ ಕಾಲ ಉಳಿಯುತ್ತದೆ. ಒಣ ಸಿಡುಬು ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ಮಾಯುತ್ತದೆ. ಎರಡೂ ಕಣ್ಣು ಮುಚ್ಚಿದ ಕೋಳಿ ಸಿಡುಬಿಗಿಂತ ಹಸಿವಿಗೆ ಸಾಯುವುದೇ ಜಾಸ್ತಿ, ಅದನ್ನು ಹಿಡಿದು ಕೊಕ್ಕನ್ನು ನೀರಿಗೆ, ಮೇವಿಗೆ ತಾಗಿಸಬೇಕು. ಲಸಿಕೆ ಇದೆ, 6 ರಿಂದ 8 ವಾರದ ಮರಿಗೆ ರೆಕ್ಕೆಯ ಪೊರೆಯಲ್ಲಿ ಚುಚ್ಚುತ್ತಾರೆ.

ಇನ್ನೊಂದು ಎಚ್ಚರ. ಕೋಳಿಗಳು ದಿಢೀರಂತ ಸಾಲಾಗಿ ಸಾಯುತ್ತಿದ್ದರೆ, ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ, ಕಣ್ಣು ತೊಳೆಯಲು ಕೂರಬೇಡಿ. ಅದು ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿ ಜ್ವರವೋ ಆಗಿರಬಹುದು. ಕೊಯ್ಯಬೇಡಿ, ಮಾರಬೇಡಿ, ಪಶು ಇಲಾಖೆಗೆ ತಿಳಿಸಿ. ಸಾಮಾನ್ಯ ದಿನಗಳಲ್ಲೂ ಕೋಳಿ ಕಣ್ಣು ತೊಳೆದ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಬೇಡಿ. ಕೊಕ್ಕರೆ ರೋಗದ ವೈರಸ್ ಮನುಷ್ಯರಿಗೂ ಕಣ್ಣುಬೇನೆ ತರುತ್ತದೆ.

ಅಂಗಳದ ಕೋಳಿ, ಹೊಸನಗರ

ಮಳೆ ಸ್ವಲ್ಪ ಹೊಳವಾಯಿತು, ಪಶು ಆಸ್ಪತ್ರೆಗೆ ಹೋಗಿ ಬಂದೆವು. ಕೊರೈಜಾ ಇರಬಹುದು ಅಂದರು. ಮೂಗಿನ ಸಿಂಬಳ ಹತ್ತಿಯಲ್ಲಿ ತೆಗೆದುಕೊಂಡಿದ್ದಾರೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುತ್ತಾರಂತೆ. ಕೆನ್ನೆಯಲ್ಲಿ ಸಣ್ಣದಾಗಿ ಕೊಯ್ದು ಗಡ್ಡೆ ತೆಗೆದರು. ಕಡಲೆಕಾಳಿಗಿಂತ ದೊಡ್ಡದಿತ್ತು, ಆ ವಾಸನೆ ಇನ್ನೂ ಮೂಗಿನಲ್ಲಿದೆ. ಕಣ್ಣಿಗೆ ಮುಲಾಮು, ನೀರಿಗೆ ಹಾಕುವ ಪುಡಿ ಬರೆದುಕೊಟ್ಟಿದ್ದಾರೆ. ಹೇಂಟೆ ಸಂಜೆಗೇ ನುಚ್ಚು ಕುಕ್ಕಿತು.

ಮೊಟ್ಟೆ ತಿನ್ನಬಹುದಾ? ಗಿರಿರಾಜ ಕೋಳಿಗಳು ಇಡುತ್ತಲೇ ಇವೆ.

ಕಾಫಿ ಗಿಡ, ಕೊಪ್ಪ

ನಾವು ಬೇಯಿಸಿ ತಿಂದುಬಿಡುತ್ತೇವೆ. ಬೇಯಿಸಿದರೆ ಏನೂ ಆಗುವುದಿಲ್ಲ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಬೇಯಿಸಿದರೆ ರೋಗಾಣು ಸಾಯುತ್ತವೆ. ಔಷಧದ ಅಂಶ ಪೂರ್ತಿ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ನೀರಿಗೆ ಔಷಧ ಹಾಕಿದರೆ ಆ ನೀರು ಕುಡಿದ ಎಲ್ಲ ಕೋಳಿಗಳ ಮೊಟ್ಟೆಗೂ ಲೆಕ್ಕ. ಎಷ್ಟು ದಿನ ಬಿಡಬೇಕು ಅನ್ನುವುದು ಔಷಧದ ಮೇಲೆ ಹೋಗುತ್ತದೆ, ಬರೆದುಕೊಟ್ಟವರನ್ನೇ ಕೇಳಿ, ಪ್ಯಾಕೆಟ್ ಮೇಲೂ ನೋಡಿ. ಅಲ್ಲಿವರೆಗೆ ಮಾರಬೇಡಿ, ಅಂಗನವಾಡಿಗೂ ಪಕ್ಕದ ಮನೆಗೂ ಕೊಡಬೇಡಿ. ಕೋಳಿ ಚುರುಕಾಯಿತು ಅಂತ ಔಷಧವನ್ನು ನಡುವೆ ನಿಲ್ಲಿಸಬೇಡಿ. ಔಷಧದ ನೀರನ್ನು ದಿನವೂ ಹೊಸದಾಗಿ ಕಲಸಿ.

ಅಂಗಳದ ಕೋಳಿ, ಹೊಸನಗರ

ಸರಿ ಸರ್. ಹುಂಜವನ್ನು ಏನು ಮಾಡೋದು? ಯಜಮಾನರು ಮುಂದಿನ ಸಂತೆಯಲ್ಲಿ ಮಾರಿಬಿಡೋಣ ಅನ್ನುತ್ತಿದ್ದಾರೆ.

ತೋಟದ ದಾರಿ, ತೀರ್ಥಹಳ್ಳಿ

ಅಯ್ಯೋ, ಅದು ನಿಮ್ಮ ಮನೆಗೆ ಬಂದದ್ದೂ ಹಾಗೇ ಅಲ್ವಾ? ಇನ್ನೊಬ್ಬರ ಅಂಗಳಕ್ಕೆ ಯಾಕೆ ದಾಟಿಸೋದು? ಕೊರೈಜಾ ಬಂದು ವಾಸಿಯಾದ ಕೋಳಿ ಕೂಡ ಒಳಗೆ ರೋಗ ಹೊತ್ತುಕೊಂಡಿರುತ್ತದೆ. ಒಂದೋ ಈಗಿನ ಕೋಳಿಗಳ ಜೊತೆಗೇ ಇರಲಿ, ಹೊಸದಾಗಿ ಯಾವುದನ್ನೂ ಸೇರಿಸಬೇಡಿ. ಇಲ್ಲ, ಔಷಧದ ಅವಧಿ ಕಳೆದ ಮೇಲೆ ಮನೆಯಲ್ಲೇ ಸಾರು ಮಾಡಿ ಮುಗಿಸಿ. ಮುಂದೆ ಎಂದಾದರೂ ಗೂಡು ಪೂರ್ತಿ ಖಾಲಿ ಮಾಡಿದರೆ, ತೊಳೆದು ಒಣಗಿಸಿ ಕೆಲವು ವಾರ ಬಿಟ್ಟು ಹೊಸ ಕೋಳಿ ತನ್ನಿ. ಈ ಬ್ಯಾಕ್ಟೀರಿಯಾ ಕೋಳಿಯ ಮೈ ಬಿಟ್ಟರೆ ಜಾಸ್ತಿ ದಿನ ಬದುಕುವುದಿಲ್ಲ.

ಗದ್ದೆ ಬದು, ರಿಪ್ಪನ್‌ಪೇಟೆ

ನಾವು ಸಂತೆ ಕೋಳಿಯನ್ನು ಸೌದೆ ಕೊಟ್ಟಿಗೆಯಲ್ಲಿ ಒಂದು ತಿಂಗಳು ಬೇರೆ ಇಡುತ್ತೇವೆ. ಹುಂಜ ಕೂಗಿ ತಲೆ ತಿನ್ನುತ್ತದೆ, ಆದರೂ ಇಡುತ್ತೇವೆ.

ಅಂಗಳದ ಕೋಳಿ, ಹೊಸನಗರ

ಯಜಮಾನರಿಗೆ ಓದಿ ಹೇಳಿದೆ, ಸಾರಿಗೆ ಒಪ್ಪಿದ್ದಾರೆ. ಉಮಿ ಪೂರ್ತಿ ಎತ್ತಿ ಹಾಕಿದೆವು. ದರಗು ಈಗ ಒಣಗಿದ್ದು ಸಿಗುವುದಿಲ್ಲ, ಪಕ್ಕದ ಸಾಮಿಲ್‌ನಿಂದ ಮರದ ಹೊಟ್ಟು ತಂದು ಹಾಸಿದ್ದೇವೆ. ಮಾಡಿನ ಕೆಳಗೆ ಜಾಲರಿ ಹೊಡೆಸಿದೆವು. ಉಳಿದ ಕೋಳಿಗಳ ಕಣ್ಣಿನ ನೀರು ನಿಂತಿದೆ.

ಹೇಂಟೆ ಕಣ್ಣು ಬಿಡುತ್ತಿದೆ, ಆದರೆ ಗುಡ್ಡೆ ಮೇಲೆ ಬಿಳಿ ಮಚ್ಚೆ ಉಳಿದಿದೆ. ಆ ಕಡೆಯಿಂದ ಕೈ ತಂದರೆ ಗೊತ್ತಾಗುವುದಿಲ್ಲ. ಇದು ಹೋಗುತ್ತದಾ?

ಮಳೆಗೂಡು, ಆಗುಂಬೆ

ಮರದ ಹೊಟ್ಟು ತೀರಾ ನುಣ್ಣಗಿದ್ದರೆ ಅದರ ದೂಳೂ ಕಣ್ಣಿಗೆ ಹೋಗುತ್ತದೆ. ದಪ್ಪ ಚಕ್ಕೆ ಇದ್ದರೆ ಅದನ್ನೇ ಕೇಳಿ ತನ್ನಿ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಮಚ್ಚೆ ಗಾಯದ ಕಲೆ ಆಗಿದ್ದರೆ ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆ ಅಂತ ಭರವಸೆ ಕೊಡಲಾರೆ. ಮುಲಾಮು ಮುಗಿಯುವ ಮೊದಲು ಇನ್ನೊಮ್ಮೆ ತೋರಿಸಿ. ಒಂದು ಕಣ್ಣಿನ ಕೋಳಿ ಚೆನ್ನಾಗಿಯೇ ಬದುಕುತ್ತದೆ, ಮೊಟ್ಟೆಯೂ ಇಡುತ್ತದೆ. ಕಾಣದ ಬದಿಯಿಂದ ದಿಢೀರ್ ಹಿಡಿಯಲು ಹೋಗಬೇಡಿ, ಮೊದಲು ಮಾತಾಡಿಸಿ. ಬೇರೆ ಕೋಳಿಗಳು ಆ ಬದಿಯಿಂದಲೇ ಕುಕ್ಕುತ್ತವೆ, ಅದಕ್ಕೆ ಮೇವು ಎರಡು ಕಡೆ ಇಡಿ. ಕೂರುವ ಕೋಲನ್ನು ತಗ್ಗಿಸಿ. ಮರಿ ಮಾಡಿಸುವ ಆಸೆ ಇದ್ದರೆ ಲ್ಯಾಬ್ ಫಲಿತಾಂಶ ಬರುವ ತನಕ ತಡೆಯಿರಿ. ಮೈಕೋಪ್ಲಾಸ್ಮಾವೂ ಇದೆ ಅಂತಾದರೆ ಅದು ಮೊಟ್ಟೆಯ ಮೂಲಕವೇ ಪಿಳ್ಳೆಗೆ ದಾಟುತ್ತದೆ.

ಅಂಗಳದ ಕೋಳಿ, ಹೊಸನಗರ

ಕಾವಿಗೆ ಕೂರಲು ಆಗಲೇ ಗಲಾಟೆ ಮಾಡುತ್ತಿದೆ ಸರ್. ಎಬ್ಬಿಸಿ ಓಡಿಸುತ್ತಿದ್ದೇವೆ. ಫಲಿತಾಂಶ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.